ಪರದೇಶದ ವಿದ್ಯಾರ್ಥಿಗಳೊಡನೆ ವಿಜಾಪುರದಲ್ಲಿ ಐದು ದಿನ

ತಾನಿರುವ ಊರನ್ನು ತಾನು ನೋಡದೆ ಇರುವದು ಮನುಷ್ಯನ ಸ್ವಭಾವವೆಂದು ತೋರುತ್ತದೆ. ಗೋಳಗುಮ್ಮಟದ ನೆರಳಿನಲ್ಲಿ ಹುಟ್ಟಿ, ಅದರ ನೆರಳಿನಲ್ಲಿಯೇ ಸಂಸಾರ ಮಾಡಿ ಮುದುಕರಾದವರಲ್ಲಿ ಒಮ್ಮೆಯೂ ಅದರ ಮೆಟ್ಟಲುಗಳನ್ನು ಹತ್ತದವರನ್ನು ನಾನು ಬಲ್ಲೆನು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಔಷಧಕ್ಕೆ ಸಲ್ಲುವಷ್ಟೇ ಊರಿಗೂ ಸಲ್ಲುತ್ತದೆ. ದೂರದವರು ಯಾರಾದರೂ ಬಂದು, ಇದೇನು, ಇದನ್ನು ಯಾರು ಕಟ್ಟಿದರು, ಏತಕ್ಕೆ ಕಟ್ಟಿದರು ಎಂದು ಕೇಳಿದಾಗಲೇ ನಾವು ತಲೆಯೆತ್ತಿ ನೋಡುವೆವು. ಆಗ ನಮಗೆ ಎಷ್ಟು ತಿಳಿದಿದೆ, ಎಷ್ಟು ಬರಿಯ ಬಾಯಿಮಾತು ಎಂಬದೂ ಗೊತ್ತಾಗುವದು.

ಅಂಥ ಪ್ರಸಂಗವೊಂದು ಕಳೆದ ಮಾಗಿಯಲ್ಲಿ ನನಗೆ ಒದಗಿತು. ವಿದ್ಯಾರ್ಥಿ ವಿನಿಮಯದ ಯೋಜನೆಯಂತೆ ನಮ್ಮ ನಾಡಿನ ವಿದ್ಯಾಪೀಠವೊಂದಕ್ಕೆ ಆರು ತಿಂಗಳ ಓದಿಗಾಗಿ ಬಂದಿದ್ದ ಎಂಟು ಜನ ಪರದೇಶದ ತರುಣ ತರುಣಿಯರು ಐದು ದಿನಗಳ ಮಟ್ಟಿಗೆ ವಿಜಾಪುರಕ್ಕೆ ಬಂದರು. ಸರಕಾರದ ಕಾಗದಪತ್ರಗಳಲ್ಲಿ 2014ರ ನವಂಬರ 1ರಿಂದ ಈ ಊರಿಗೆ ವಿಜಯಪುರವೆಂಬ ಹೆಸರಿದೆ. ಹಳಬರ ಬಾಯಲ್ಲಿ ವಿಜಾಪುರವೆಂಬದೇ ನಿಂತಿರುವದರಿಂದ ನಾನಿಲ್ಲಿ ಆ ರೂಢಿಯನ್ನೇ ಹಿಡಿದಿದ್ದೇನೆ. ಅವರಿಗೆ ಊರನ್ನು ತೋರಿಸುವ ಕೆಲಸವನ್ನು ನಮ್ಮ ಸಂಘದವರು ನನಗೆ ಒಪ್ಪಿಸಿದರು. ನಾನು ಇಪ್ಪತ್ತೆಂಟು ವರುಷ ಮಕ್ಕಳಿಗೆ ಇತಿಹಾಸವನ್ನು ಕಲಿಸಿ ನಿವೃತ್ತನಾದವನು. ಕೈಯಲ್ಲಿ ಬೇಕಾದಷ್ಟು ಹೊತ್ತು, ಕಾಲಲ್ಲಿ ಇನ್ನೂ ಸ್ವಲ್ಪ ಕಸುವು ಉಂಟೆಂಬದೇ ನನ್ನ ಯೋಗ್ಯತೆಯಾಗಿತ್ತು.

ಅವರು ಬರುವ ಮುನ್ನಾ ದಿನ ಇಬ್ಬರು ಮಿತ್ರರು ಬೇರೆ ಬೇರೆಯಾಗಿ ನನ್ನ ಮನೆಗೆ ಬಂದು ಬುದ್ಧಿ ಹೇಳಿ ಹೋದರು. ಒಬ್ಬರೆಂದರು: “ಮಾಸ್ತರ್ರ, ಬಂದವರಿಗೆ ಚಂದಂದಷ್ಟ ತೋರಸ್ರಿ. ಹಳೇ ಹುಣ್ಣು ಕೆರಿಯೂದು ಬ್ಯಾಡ.” ಇನ್ನೊಬ್ಬರು ಅದಕ್ಕೆ ತೀರ ವಿರುದ್ಧವಾಗಿ, “ಒಡದದ್ದು ಕೆಡವಿದ್ದು ಎಲ್ಲಾ ಮೊದಲ ಹೇಳಿಬಿಡ್ರಿ, ಆಮ್ಯಾಲೆ ಬೇಕಾದ್ರ ಗುಮ್ಮಟಾ ತೋರಸ್ರಿ,” ಎಂದರು. ಇಬ್ಬರೂ ಸಜ್ಜನರು, ಇಬ್ಬರಿಗೂ ಊರಿನ ಮೇಲೆ ಪ್ರೀತಿಯುಂಟು. ಆ ರಾತ್ರಿ ನಾನು ಬಹಳ ಹೊತ್ತು ವಿಚಾರಮಾಡಿದೆನು. ಅತಿಥಿಗಳ ಮುಂದೆ ಮನೆಯ ಜಗಳವನ್ನು ತೆಗೆಯಬಾರದೆಂಬದು ಒಂದು ಧರ್ಮ. ಕಲಿಯಲೆಂದು ಬಂದವನಿಗೆ ಸುಳ್ಳು ಹೇಳಬಾರದೆಂಬದು ಇನ್ನೊಂದು ಧರ್ಮ. ಬಂದವರು ಅತಿಥಿಗಳೂ ಅಹುದು, ವಿದ್ಯಾರ್ಥಿಗಳೂ ಅಹುದು. ಕಡೆಗೆ, ವಿದ್ಯಾರ್ಥಿಗೆ ಸಲ್ಲತಕ್ಕದ್ದನ್ನು ಸಲ್ಲಿಸಿದರೆ ಅದೇ ದೊಡ್ಡ ಆತಿಥ್ಯವೆಂದು ನಿಶ್ಚಯಿಸಿಕೊಂಡೆನು.

ಈ ನಿಶ್ಚಯಕ್ಕೆ ತಕ್ಕಂತೆ ಮೊದಲ ದಿನ ಗೋಳಗುಮ್ಮಟಕ್ಕೆ ಹೋಗದೆ ಅರಕಿಲ್ಲೆಗೆ ಹೋದೆವು. ವಿಜಾಪುರವನ್ನು ಆದಿಲಶಾಹಿಯವರಿಂದಲೇ ಮೊದಲುಮಾಡುವದು ರೂಢಿ. ಆದರೆ 1490ರ ಸುಮಾರಿಗೆ ಯೂಸುಫ್ ಆದಿಲಖಾನನು ಇಲ್ಲಿ ಸ್ವತಂತ್ರನಾಗುವದಕ್ಕಿಂತ ನಾಲ್ಕು ನೂರು ವರುಷ ಮೊದಲೇ, ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನದಲ್ಲಿ ಈ ಊರು ಇದೆ. ಅರಕಿಲ್ಲೆಯೊಳಗಿನ ಕರೀಮುದ್ದೀನನ ಮಸೀದಿಯು 1320ರದು; ದಿಲ್ಲಿಯ ಸುಲ್ತಾನರ ಪರವಾಗಿ ಇಲ್ಲಿ ಅಧಿಕಾರದಲ್ಲಿದ್ದ ಕರೀಮುದ್ದೀನನು ಕಟ್ಟಿಸಿದ್ದು. ಅದರೊಳಗೆ ಕಾಲಿಟ್ಟ ಕೂಡಲೆ ಕನ್ನಡನಾಡಿನವನಿಗೆ ಗುರುತಾಗುವದು: ಕಂಬಗಳು ದೇವಾಲಯದ ಕಂಬಗಳು, ಬೋದಿಗೆ, ಚೌಕ, ಎಲ್ಲವೂ ನಮ್ಮ ಶಿಲ್ಪಿಗಳ ಕೈಕೆಲಸ.

ಜರ್ಮನಿಯಿಂದ ಬಂದ ಹುಡುಗನು ಕಂಬವೊಂದನ್ನು ಸವರಿ ನೋಡುತ್ತ, “ಇವು ಮೊದಲು ಬೇರೆಡೆಗೆ ಇದ್ದವೇ? ಅಲ್ಲಿ ಪೂಜೆಮಾಡುತ್ತಿದ್ದವರು ಎಲ್ಲಿಗೆ ಹೋದರು?” ಎಂದು ಕೇಳಿದನು. ಮೊದಲನೆಯ ದಿನವೇ, ಮೊದಲನೆಯ ಗಳಿಗೆಯಲ್ಲೇ ಬಂದಿತು ಆ ಪ್ರಶ್ನೆ. ನಾನು ಮುಚ್ಚಿಡಲಿಲ್ಲ. ಇವು ದೇವಾಲಯಗಳಿಂದ ತಂದ ಕಂಬಗಳು; ಗೆದ್ದವರು ಸೋತವರ ಗುಡಿಗಳಿಂದ ತಂದದ್ದು; ಸೋತವರ ಮನಸ್ಸಿನ ಮಾತನ್ನು ಬರೆದಿಟ್ಟವರಿಲ್ಲ, ಎಂದು ಹೇಳಿದೆನು. ಅದರ ಜೊತೆಗೆ ಇನ್ನೊಂದನ್ನೂ ಹೇಳಿದೆನು. ಈ ಕಟ್ಟಡದ ಬರಹದಲ್ಲಿ ಅದನ್ನು ಕಟ್ಟಿದ ಕುಶಲಕರ್ಮಿಯ ಹೆಸರೂ ಇದೆ. ಅವನು ಇಂಡಿಯ ಹತ್ತಿರದ ಸಾಲೋಟಗಿಯ ರೇವಯ್ಯ. ತನ್ನವರು ಕಡೆದ ಕಂಬಗಳನ್ನು ಬೇರೆಯವರ ಪ್ರಾರ್ಥನೆಗಾಗಿ ನಿಲ್ಲಿಸುವಾಗ ಅವನಿಗೆ ಏನೆನಿಸಿತೋ! ಹೊಟ್ಟೆಯ ಪಾಡೇ, ಭಯವೇ, ಕಸಬಿನ ಅಭಿಮಾನವೇ? ಮೂರೂ ಇದ್ದಿರಬಹುದು. ಇತಾಲಿಯ ಹುಡುಗನು ನಡುವೆ ಬಾಯಿಹಾಕಿ, ತನ್ನ ದೇಶದಲ್ಲಿಯೂ ಹಳೆಯ ದೇವತೆಗಳ ಗುಡಿಯ ಕಂಬಗಳು ಇಗರ್ಜಿಗಳಲ್ಲಿ ನಿಂತಿವೆಯೆಂದೂ, ರೋಮಿನ ಪ್ಯಾಂಥಿಯನ್ ದೇವಾಲಯವೇ 609ರಲ್ಲಿ ಇಗರ್ಜಿಯಾಯಿತೆಂದೂ ಹೇಳಿದನು. ಇನ್ನೊಬ್ಬರ ಮನೆಯಲ್ಲಿಯೂ ಇದು ನಡೆದಿದೆಯೆಂದಾಕ್ಷಣ ನಮ್ಮ ಮನೆಯಲ್ಲಿ ನಡೆದದ್ದು ಒಳ್ಳೆಯದಾಗುವದಿಲ್ಲ. ಆದರೆ ದುಃಖವು ನಮ್ಮೊಬ್ಬರದೇ ಎಂಬ ಭಾವನೆಯಿಂದ ಹುಟ್ಟುವ ಕಹಿಯು ಅಷ್ಟರ ಮಟ್ಟಿಗೆ ಕಡಿಮೆಯಾಗುವದು. ಅರ್ಧ ಗಂಟೆಯವರೆಗೆ ಆ ಕಂಬಗಳ ನಡುವೆ ಕುಳಿತು ಮಾತಾಡಿದೆವು. ಯಾರ ಧ್ವನಿಯೂ ಏರಲಿಲ್ಲ. ನನ್ನ ಇಬ್ಬರು ಮಿತ್ರರೂ ಅಲ್ಲಿ ಇರಬೇಕಾಗಿತ್ತೆಂದು ನನಗೆ ಅನಿಸಿತು.

ಅಂದು ಸಂಜೆ ಕೋಟೆಯ ಗೋಡೆಯ ಗುಂಟ ನಡೆದೆವು. ಸುಮಾರು ಹತ್ತು ಕಿಲೋಮೀಟರಿನ ಸುತ್ತಳತೆಯ ಈ ಗೋಡೆಯು ಮುಗಿದದ್ದು ಒಂದನೆಯ ಅಲಿ ಆದಿಲಶಹನ ಕಾಲದಲ್ಲಿ, 1565ರಲ್ಲಿ. ಆ ವರುಷದ ಹೆಸರು ಹೇಳಿದರೆ ಕನ್ನಡಿಗನ ಎದೆಯಲ್ಲಿ ಏನೋ ಕದಲುವದು. ವಿಜಯನಗರದ ಭಾಗ್ಯವನ್ನು ಮುಗಿಸಿದ ಯುದ್ಧವು ನಡೆದದ್ದು ನಮ್ಮ ಜಿಲ್ಲೆಯ ರಕ್ಕಸಗಿ ತಂಗಡಗಿಗಳ ಹೆಸರಿನಲ್ಲಿಯೇ. ಜಾಮಿ ಮಸೀದಿಯ ಕೆಲಸವು ಆ ಯುದ್ಧದ ಬಳಿಕ ಮೊದಲಾಯಿತು. ಅದೇ ಅಲಿ ಆದಿಲಶಹನು ಕೆಲವೇ ವರುಷಗಳ ಹಿಂದೆ ರಾಮರಾಯನೊಡನೆ ಸ್ನೇಹದಿಂದಿದ್ದನೆಂಬದನ್ನೂ ವಿದ್ಯಾರ್ಥಿಗಳಿಗೆ ಹೇಳಿದೆನು. ಅರಸರ ಸ್ನೇಹ, ಅರಸರ ವೈರ ಎರಡರಲ್ಲಿಯೂ ಧರ್ಮಕ್ಕಿಂತ ನೆಲದ ಆಸೆಯೇ ಹೆಚ್ಚಾಗಿರುವದನ್ನು ಅವರಿಗೆ ವಿವರಿಸಬೇಕಾಗಲಿಲ್ಲ. ಅವರ ಖಂಡದ ಇತಿಹಾಸವೂ ಅದನ್ನೇ ಹೇಳುತ್ತದೆ.

ಎರಡನೆಯ ದಿನ ಸೂರ್ಯೋದಯದ ಹೊತ್ತಿಗೆ ಗೋಳಗುಮ್ಮಟಕ್ಕೆ ಹೋದೆವು. ಅದನ್ನು ನೋಡಬೇಕಾದರೆ ಆ ಹೊತ್ತಿಗೇ ನೋಡಬೇಕು. ಹತ್ತು ಗಂಟೆಯ ಮೇಲೆ ಅಲ್ಲಿ ಮನುಷ್ಯರ ಕೂಗಿನ ಹೊರತು ಏನೂ ಉಳಿಯುವದಿಲ್ಲ. ಇದು ಮಹಮ್ಮದ ಆದಿಲಶಹನ ಗೋರಿ. ಅವನು 1627ರಿಂದ 1656ರ ವರೆಗೆ ಆಳಿದನು. ಬದುಕಿರುವಾಗಲೇ ತನ್ನ ಗೋರಿಯನ್ನು ಕಟ್ಟಿಸಿಕೊಂಡನು. ಕಟ್ಟಿದವನು ದಾಬೂಲಿನ ಯಾಕೂತ. ಒಳಗಿನ ನೆಲವು 135 ಅಡಿ ಚೌಕ. ನಡುವೆ ಒಂದು ಕಂಬವಿಲ್ಲ. ಮೇಲಿನ ಗುಮ್ಮಟದ ಹೊರಗಿನ ವ್ಯಾಸ 144 ಅಡಿ, ಒಳಗಿನದು ಸುಮಾರು 124 ಅಡಿ.

ಬಾಗಿಲಲ್ಲಿಯೇ ಯಾರೋ ಒಬ್ಬರು ಇದು ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟವೆಂದು ಗಟ್ಟಿಯಾಗಿ ಹೇಳುತ್ತಿದ್ದರು. ಇತಾಲಿಯ ಹುಡುಗನು ವಾಸ್ತುಶಾಸ್ತ್ರವನ್ನು ಓದುವವನು. ನನ್ನ ಕಡೆಗೆ ನೋಡಿ ಮುಗುಳ್ನಕ್ಕನು. ನಾನು ಲೆಕ್ಕವನ್ನು ಇದ್ದಂತೆ ಇಟ್ಟೆನು. ರೋಮಿನ ಪ್ಯಾಂಥಿಯನ್ನಿನ ಗುಮ್ಮಟದ ವ್ಯಾಸ 142 ಅಡಿ, ಸಂತ ಪೀಟರನ ಇಗರ್ಜಿಯದು ನಮ್ಮದಕ್ಕಿಂತ ದೊಡ್ಡದು, ಫ್ಲಾರೆನ್ಸಿನದೂ ದೊಡ್ಡದು. ಉಕ್ಕು ಕಾಂಕ್ರೀಟುಗಳಿಂದ ಈಗ ಕಟ್ಟುವ ಗುಮ್ಮಟಗಳ ಮಾತನ್ನು ಬಿಡಿರಿ. ಹೀಗಿರಲು ‘ಎರಡನೆಯದು’ ಎಂದು ಹೇಳುವದರಿಂದ ನಮಗೆ ಯಾವ ಗೌರವವೂ ಬರಲಾರದು. ನಿಜವಾದ ಗೌರವವು ಬೇರೆಡೆಗೆ ಇದೆ. ಫರ್ಗ್ಯುಸನ್ ಎಂಬ ಪಂಡಿತನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಂತೆ, ಈ ಗುಮ್ಮಟದ ಕೆಳಗಿನ ನೆಲವು ಪ್ಯಾಂಥಿಯನ್ನಿನ ನೆಲಕ್ಕಿಂತಲೂ ವಿಸ್ತಾರವಾದದ್ದು. ವ್ಯಾಸವು ಕಡಿಮೆಯಾದರೂ ನೆಲವು ಹೆಚ್ಚಾದದ್ದು ಹೇಗೆ? ಅಲ್ಲಿಯೇ ಯಾಕೂತನ ಜಾಣ್ಮೆಯಿದೆ.

ಚೌಕದ ಮೇಲೆ ದುಂಡನ್ನು ಕೂಡಿಸುವದು ಎಲ್ಲ ದೇಶದ ಕಟ್ಟಡಿಗರಿಗೂ ತೊಡಕಾದ ಕೆಲಸ. ಯಾಕೂತನು ಚೌಕದ ಗೋಡೆಗಳಿಂದ ಎಂಟು ದೊಡ್ಡ ಕಮಾನುಗಳನ್ನು ಎಬ್ಬಿಸಿ, ಅವು ಒಂದನ್ನೊಂದು ಅಡ್ಡಹಾಯುವಂತೆ ಮಾಡಿದನು. ಒಂದರ ಮೇಲೊಂದು ಓರೆಯಾಗಿಟ್ಟ ಎರಡು ಚೌಕಗಳ ರೇಖೆಯನ್ನು ನೆನೆದುಕೊಂಡರೆ ಅದು ತಿಳಿಯುವದು. ಆ ಕಮಾನುಗಳು ಮೇಲೇರುತ್ತ ಒಳಗೆ ಬಾಗಿ, ನೆಲದಿಂದ 109 ಅಡಿಗಳ ಎತ್ತರದಲ್ಲಿ ಒಂದು ದುಂಡಾದ ಅಂಗಳವನ್ನು ಹೊತ್ತು ನಿಲ್ಲುತ್ತವೆ. ಗುಮ್ಮಟವು ಅದರ ಅಂಚಿನಿಂದ ಹಿಂದಕ್ಕೆ ಸರಿದು ಕುಳಿತಿದೆ. ಗುಮ್ಮಟದ ಭಾರವು ಗೋಡೆಗಳನ್ನು ಹೊರಕ್ಕೆ ನೂಕಬೇಕಷ್ಟೆ. ಒಳಗೆ ಬಾಗಿದ ಕಮಾನುಗಳ ಭಾರವು ಅವನ್ನು ಒಳಕ್ಕೆ ಎಳೆಯುತ್ತದೆ. ಒಂದು ಭಾರಕ್ಕೆ ಇನ್ನೊಂದು ಭಾರವೇ ಉತ್ತರ. ಇದನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದಾಗ ಇತಾಲಿಯ ಹುಡುಗನು ಮೊಣಕಾಲೂರಿ ಕುಳಿತು ತನ್ನ ವಹಿಯಲ್ಲಿ ಇಳಿಸಿಕೊಂಡನು. ತಮ್ಮ ದೇಶದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಈ ರೀತಿಯನ್ನು ತಾನು ಕಂಡಿಲ್ಲವೆಂದನು. ‘ಎರಡನೆಯದು’ ಎಂಬ ಪೊಳ್ಳು ಬಿರುದಿಗಿಂತ ಆ ಒಂದು ಮಾತು ಯಾಕೂತನಿಗೆ ಹೆಚ್ಚು ಮೆಚ್ಚಿಗೆಯಾಗುತ್ತಿತ್ತು.

ಮೂಲೆಯ ಗೋಪುರದ ಏಳು ಅಂತಸ್ತುಗಳನ್ನು ಹತ್ತಿ ಆ ಅಂಗಳಕ್ಕೆ ಹೋದೆವು. ಅಷ್ಟು ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಒಬ್ಬಳು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರಿನ ಬದಿಯಲ್ಲಿ ನಿಂತವನಿಗೆ ಕಿವಿಯಲ್ಲಿ ಹೇಳಿದಂತೆ ಕೇಳಿಸಿತು. ಒಂದು ಚಪ್ಪಾಳೆಯು ಹತ್ತು ಸಲದವರೆಗೂ ಮರುದನಿಗೊಟ್ಟಿತು. ನಾನು ಅವರಿಗೆ ಹೇಳಿದ್ದು ಇಷ್ಟೆ: ಇದು ಒಬ್ಬನು ಮಲಗಿದ ಜಾಗ, ಎರಡು ಸಲ ಕೂಗಿ ನೋಡಿರಿ, ಮೂರನೆಯ ಸಲ ಸುಮ್ಮನಿರಿ. ಅವರು ಸುಮ್ಮನಿದ್ದರು. ಆ ಮೌನದಲ್ಲಿ ಪಾರಿವಾಳವೊಂದು ರೆಕ್ಕೆ ಬಡಿದದ್ದು ಗುಮ್ಮಟದ ತುಂಬ ಸುತ್ತಿ ಬಂದಿತು.

ಕೆಳಗಿಳಿದ ಮೇಲೆ ಇರಾನದ ಹುಡುಗಿಯು ದಕ್ಷಿಣದ ಬಾಗಿಲ ಮೇಲಿನ ಪಾರಸಿ ಬರಹವನ್ನು ನಿಧಾನವಾಗಿ ಓದತೊಡಗಿದಳು. ಆ ಬಾಗಿಲ ಕೆಳಗೆ ನಾನು ನೂರಾರು ಸಲ ಹಾಯ್ದಿದ್ದೇನೆ; ಅದರ ಅರ್ಥವನ್ನು ಪುಸ್ತಕದಲ್ಲಿ ಓದಿದ್ದೇನೆ; ಅದರ ಧ್ವನಿಯನ್ನು ಕೇಳಿದ್ದು ಮಾತ್ರ ಅದೇ ಮೊದಲು. ಅಲ್ಲಿ ಮೂರು ವಾಕ್ಯಗಳಿವೆ. ಮೂರೂ ಬಾದಶಹನ ಅಂತ್ಯವನ್ನು ಹೇಳುವ ಮಾತುಗಳು. ಮೂರರಲ್ಲಿಯೂ ಅಕ್ಷರಗಳಿಗೆ ಸಲ್ಲುವ ಬೆಲೆಗಳನ್ನು ಕೂಡಿಸಿದರೆ ಹಿಜರಿ 1067 ಬರುವದು. ಅವಳು ನನ್ನ ವಹಿಯಲ್ಲಿ ಒಂದೊಂದೇ ಅಕ್ಷರದ ಬೆಲೆಯನ್ನು ಬರೆದು ಕೂಡಿಸಿ ತೋರಿಸಿದಳು. ನಮ್ಮ ಶಾಸನಕಾರರೂ ಹೀಗೆಯೇ ಕಣ್ಣೆಂದರೆ ಎರಡು, ವೇದವೆಂದರೆ ನಾಲ್ಕು, ಬಾಣವೆಂದರೆ ಐದು ಎಂದು ಮಾತುಗಳಲ್ಲಿ ವರುಷವನ್ನು ಅಡಗಿಸಿಡುತ್ತಿದ್ದರೆಂದು ನಾನು ಹೇಳಿದಾಗ ಅವಳಿಗೆ ಬಹಳ ಸಂತೋಷವಾಯಿತು. ಕಾಲವನ್ನು ಕಾವ್ಯದೊಳಗೆ ಬಚ್ಚಿಡುವ ಆಸೆಯು ಇಬ್ಬರದೂ ಒಂದೇ.

ಈ ಹುಡುಗಿಯ ನೆವದಿಂದ ಇನ್ನೊಂದು ಸಂಗತಿಯೂ ನನಗೆ ಸ್ಪಷ್ಟವಾಯಿತು. ನಾವು ಅವಳನ್ನು ‘ಪರದೇಶದವಳು’ ಎಂದು ಕರೆಯುತ್ತಿದ್ದೆವು. ಆದರೆ ಇತಿಹಾಸಕಾರನಾದ ಫೆರಿಸ್ತಾ ಅವಳ ನಾಡಿನಿಂದ ಬಂದು ವಿಜಾಪುರದಲ್ಲಿ ಕುಳಿತು ತನ್ನ ಗ್ರಂಥವನ್ನು ಬರೆದನು. ಜುಹೂರಿ ಕವಿಯು ಅವಳ ನಾಡಿನವನೇ, ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನದಲ್ಲಿ ಬಾಳಿ 1616ರಲ್ಲಿ ತೀರಿಕೊಂಡನು. ತೊರವಿಯಿಂದ ನೆಲದೊಳಗೆ ಕಾಲುವೆ ತೋಡಿ ನೀರು ತರುವ ಉಪಾಯವೂ ಆ ಕಡೆಯದೇ. ತೊರವಿಯ ದಾರಿಯಲ್ಲಿ ಸಾಲಾಗಿ ಕಾಣುವ ಹಾಳು ಬಾವಿಗಳನ್ನು ನೋಡಿದೊಡನೆ ಅವಳು, ತನ್ನ ಅಜ್ಜನ ಊರಿನಲ್ಲಿಯೂ ಹೀಗೆಯೇ ಇವೆಯೆಂದಳು. ಜಪಾನದ ಹುಡುಗಿಯು ನೀರಾವರಿಯನ್ನು ಓದುವವಳು. ಅವಳಿಗೆ ಗುಮ್ಮಟಕ್ಕಿಂತ ಈ ನೀರಿನ ವ್ಯವಸ್ಥೆಯೇ ಹೆಚ್ಚು ಹಿಡಿಸಿತು. ಸುರಂಗದಿಂದ ಬಂದ ನೀರಿನ ಒತ್ತಡವನ್ನು ತಗ್ಗಿಸಲು ಊರಿನ ನಡುವೆ ಕಟ್ಟಿದ ಗಂಜುಗಳನ್ನೂ, 1620ರ ತಾಜ ಬಾವಡಿಯನ್ನೂ, 1651ರ ಬೇಗಂ ತಲಾಬನ್ನೂ ಅವಳು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಬಿಸಿಲ ಬಯಲಿನ ಈ ಊರಿನಲ್ಲಿ ಅಷ್ಟು ಜನರು ಬಾಳಿದ್ದು ಫಿರಂಗಿಗಳ ಬಲದಿಂದಲ್ಲ, ನೀರಿನ ಬಲದಿಂದ ಎಂದು ಅವಳೆಂದಾಗ ನನಗೆ ನಾಚಿಕೆಯೂ ಆಯಿತು; ಬೇಸಿಗೆಯಲ್ಲಿ ನಮ್ಮ ಓಣಿಯ ಹೆಂಗಸರು ಕೊಡಗಳನ್ನಿಟ್ಟು ನಲ್ಲಿಯ ಮುಂದೆ ಕಾಯುವದನ್ನು ನಾನು ದಿನಾಲು ಕಾಣುವವನು.

ಮೂರನೆಯ ದಿನ ಇಬ್ರಾಹಿಂ ರೋಜಾ. ಗೋಳಗುಮ್ಮಟವು ಬೆರಗುಗೊಳಿಸಿದರೆ ಇದು ಮನಸ್ಸನ್ನು ತಣಿಸುತ್ತದೆ. ಒಂದೇ ಜಗತಿಯ ಮೇಲೆ ಗೋರಿ, ಎದುರಿಗೆ ಮಸೀದಿ, ನಡುವೆ ನೀರಿನ ಹೊಂಡ. ಕಟ್ಟಿದವನು ಮಲಿಕ ಸಂದಲ; ತಗಲಿದ ವೆಚ್ಚವು ಒಂದೂವರೆ ಲಕ್ಷ ಹೊನ್ನಿಗೂ ಮಿಗಿಲೆಂದು ಅಲ್ಲಿಯ ಬರಹವು ಹೇಳುವದು. ಒಳಕೋಣೆಯ ಕಲ್ಲಿನ ಮಾಳಿಗೆಯು ಕೆಳಗಿನಿಂದ ನೋಡಿದರೆ ಮಟ್ಟಸವಾಗಿದೆ. ಆಧಾರವೇ ಇಲ್ಲದೆ ತೂಗಿಬಿಟ್ಟಂತೆ ತೋರುತ್ತದೆ. ಕಿಟಕಿಗಳಲ್ಲಿ ಕಲ್ಲನ್ನು ಕೊರೆದು ಅಕ್ಷರಗಳನ್ನು ಮೂಡಿಸಿರುವದರಿಂದ ಬೆಳಕೇ ಅಕ್ಷರವಾಗಿ ಒಳಗೆ ಬರುವದು. ಇಲ್ಲಿ ಮಲಗಿದ ಎರಡನೆಯ ಇಬ್ರಾಹಿಮನು 1580ರಿಂದ 1627ರ ವರೆಗೆ ಆಳಿದವನು, ಸಂಗೀತದ ಹುಚ್ಚಿನವನು. ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟಿದ್ದನು. ‘ಕಿತಾಬ-ಎ-ನೌರಸ’ವೆಂಬ ಹಾಡುಗಳ ಪುಸ್ತಕವನ್ನು ದಖನಿಯಲ್ಲಿ ಬರೆದು, ಅದರ ಮೊದಲಿಗೆ ಸರಸ್ವತಿಯನ್ನು ಸ್ತುತಿಸಿದನು. ಜನರು ಅವನನ್ನು ಜಗದ್ಗುರುವೆಂದು ಕರೆದರು. ಮೊದಲ ದಿನ ಕರೀಮುದ್ದೀನನ ಮಸೀದಿಯಲ್ಲಿ ಪ್ರಶ್ನೆ ಕೇಳಿದ ಜರ್ಮನ್ ಹುಡುಗನು ಇಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ಎರಡೂ ಇದೇ ಊರಿನವೇ?” ಎಂದನು. ಎರಡೂ ಇದೇ ಊರಿನವು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಊರನ್ನು ತೋರಿಸಿದಂತಾಗುವದಿಲ್ಲ ಎಂದೆನು.

ಇಥಿಯೋಪಿಯದ ಹುಡುಗನು ಈ ತನಕ ಹೆಚ್ಚಾಗಿ ಮಾತಾಡಿದ್ದಿಲ್ಲ. ಉಳಿದವರಿಗೆಲ್ಲ ಹಿಡಿದುಕೊಳ್ಳಲು ಏನಾದರೊಂದು ಎಳೆಯು ಸಿಕ್ಕಿತ್ತು; ಅವನು ಮಾತ್ರ ಹಿಂದೆ ಹಿಂದೆ ನಡೆಯುತ್ತಿದ್ದನು. ನೆರಳಿನಲ್ಲಿ ಕುಳಿತಾಗ ನಾನು ಅವನಿಗೆ ಹಬಸಿಗಳ ಕಥೆಯನ್ನು ಹೇಳಿದೆನು. ಅವನ ನಾಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗುಲಾಮನಾಗಿ ಮಾರಲ್ಪಟ್ಟು, ಸಂತೆಯಿಂದ ಸಂತೆಗೆ ಕೈ ಬದಲಿಸಿ ದಖ್ಖನಿಗೆ ಬಂದ ಮಲಿಕ ಅಂಬರನು ಕೆಲ ವರುಷ ವಿಜಾಪುರದ ಸೇವೆಯಲ್ಲಿದ್ದು, ಆ ಮೇಲೆ ಅಹಮದನಗರದ ರಾಜ್ಯವನ್ನೇ ನಡೆಸಿ ಮೊಗಲರಿಗೆ ತಡೆಯಾಗಿ ನಿಂತನು. ಎರಡನೆಯ ಇಬ್ರಾಹಿಮನು ಹುಡುಗನಾಗಿದ್ದಾಗ ರಾಜ್ಯಭಾರವನ್ನು ಮಾಡಿದವನು ದಿಲಾವರಖಾನನೆಂಬ ಹಬಸಿ. ಮಹಮ್ಮದ ಆದಿಲಶಹನ ಮಂತ್ರಿಯಾದ ಇಖಲಾಸಖಾನನೂ ಹಬಸಿಯೇ. ಬಾದಶಹನೊಡನೆ ಒಂದೇ ಆನೆಯ ಮೇಲೆ ಅವನು ಕುಳಿತಿರುವ ಚಿತ್ರವೊಂದು ಆ ಕಾಲದ್ದೇ ಉಳಿದಿದೆ. ಹುಡುಗನು ನನ್ನ ಮುಖವನ್ನೇ ನೋಡುತ್ತಿದ್ದನು. “ನಮ್ಮ ಶಾಲೆಯ ಪುಸ್ತಕಗಳಲ್ಲಿ ಇದು ಇರಲಿಲ್ಲ,” ಎಂದನು. ನಮ್ಮ ಶಾಲೆಗಳಲ್ಲಿಯೂ ಇದು ಒಂದು ಸಾಲಿನಲ್ಲಿ ಮುಗಿಯುವದೆಂದು ನಾನೆಂದೆನು. ಬಂದವರೆಲ್ಲರೂ ಮಂತ್ರಿಗಳಾಗಲಿಲ್ಲವೆಂಬದನ್ನೂ, ಹೆಸರಿಲ್ಲದೆ ದುಡಿದು ಸತ್ತವರೇ ಬಹಳವೆಂಬದನ್ನೂ ಹೇಳದೆ ಬಿಡಲಿಲ್ಲ. ಅವನ ಖಂಡದಿಂದ ಬಂದವರ ಸಂತಾನವಾದ ಸಿದ್ದಿಗಳು ಇಂದಿಗೂ ಯಲ್ಲಾಪುರ ಹಳಿಯಾಳಗಳ ಕಾಡಿನ ಸೀಮೆಯಲ್ಲಿದ್ದಾರೆಂದು ಕೇಳಿ, ಅವರನ್ನು ಕಾಣಲು ಹೋಗಬೇಕೆಂದು ಅವನು ಊರಿನ ಹೆಸರುಗಳನ್ನು ಬರೆದುಕೊಂಡನು.

ಅಂದು ರಾತ್ರಿ ಎಲ್ಲರಿಗೂ ನಮ್ಮ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಶೇಂಗಾ ಹೋಳಿಗೆ. ಇದಕ್ಕಿಂತ ಹೆಚ್ಚಿನದೇನನ್ನೂ ಮಾಡಬಾರದೆಂದು ಮೊದಲೇ ಗೊತ್ತುಮಾಡಿದ್ದೆವು. ಜಪಾನದ ಹುಡುಗಿಯು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವದನ್ನು ಕಲಿಯತೊಡಗಿದಳು. ನನ್ನ ಮಡದಿಗೆ ಇಂಗ್ಲಿಷು ಬಾರದು; ಅವಳಿಗೆ ಕನ್ನಡ ಬಾರದು. “ಭಾಳ ಒತ್ತಬ್ಯಾಡ ತಂಗಿ, ಹಿಟ್ಟ ತಾನ ತಿರಗತೈತಿ,” ಎಂದು ಇವಳು ಹೇಳುವದೂ, ಅವಳು “ಹಾಂ” ಎಂದು ಕೈ ಹಗುರ ಮಾಡುವದೂ ನಡೆದಿತ್ತು. ಕೈಗೆ ಕೈಯೇ ದುಭಾಷಿ. ಇಥಿಯೋಪಿಯದ ಹುಡುಗನು ಹಿಟ್ಟನ್ನು ಮೂಸಿ ನೋಡಿ, ಕಾಳನ್ನು ತೋರಿಸಿರೆಂದು ಕೇಳಿದನು. ಬೊಗಸೆಯಲ್ಲಿ ಜೋಳವನ್ನು ತಂದು ಕೊಟ್ಟೊಡನೆ ಅವನ ಮುಖವು ಅರಳಿತು. ಇದು ತನ್ನ ಮನೆಯ ಹೊಲದಲ್ಲಿಯೂ ಬೆಳೆಯುವದೆಂದನು. ಜೋಳವನ್ನು ಮನುಷ್ಯನು ಮೊದಲು ಬೆಳೆಯಾಗಿ ಪಳಗಿಸಿದ್ದು ಆಫ್ರಿಕೆಯ ಈಶಾನ್ಯ ಭಾಗದಲ್ಲಿಯೇ ಎಂಬದು ವಿದ್ವಾಂಸರ ನಿರ್ಣಯ. ನಮ್ಮದೆಂದು ನಾವು ಯಾವದನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೆಮ್ಮೆಯಿಂದ ಹೇಳಿಕೊಳ್ಳುವೆವೋ, ಯಾವದಿಲ್ಲದೆ ನಮ್ಮ ಸೀಮೆಯವನಿಗೆ ಉಂಡಂತಾಗುವದಿಲ್ಲವೋ, ಆ ಜೋಳವು ಅತಿ ಪ್ರಾಚೀನ ಕಾಲದಲ್ಲಿ ಅವನ ಕಡೆಯಿಂದ ನಮಗೆ ಬಂದ ಉಡುಗೊರೆ. ನಾವು ಆತಿಥ್ಯ ಮಾಡುತ್ತಿದ್ದೇವೆಂದು ತಿಳಿದಿದ್ದೆವು. ಅವನ ಹಿರಿಯರು ಅದಕ್ಕೂ ಮೊದಲೇ ನಮಗೆ ಬಡಿಸಿದ್ದರು.

ನಾಲ್ಕನೆಯ ದಿನ ಊರ ಪಶ್ಚಿಮಕ್ಕಿರುವ ಸಾಠ ಕಬರಕ್ಕೆ ಹೋಗಬೇಕೇ ಬೇಡವೇ ಎಂಬ ಮಾತು ಬಂದಿತು. ಅದರ ಕಥೆಯು ಪ್ರಸಿದ್ಧವಾದದ್ದು. 1659ರಲ್ಲಿ ಅಫಜಲಖಾನನು ಶಿವಾಜಿಯ ಮೇಲೆ ದಂಡೆತ್ತಿ ಹೋಗುವಾಗ ಜೋಯಿಸರು ಅವನು ತಿರುಗಿ ಬರಲಾರನೆಂದು ಹೇಳಿದರಂತೆ. ತನ್ನ ಬಳಿಕ ಹೆಂಡಂದಿರು ಪರರ ಪಾಲಾಗಬಾರದೆಂದು ಅವನು ಅವರನ್ನೆಲ್ಲ ಬಾವಿಗೆ ನೂಕಿಸಿದನಂತೆ. ಅಲ್ಲಿ ಅರವತ್ತಕ್ಕೂ ಮಿಗಿಲಾದ ಗೋರಿಗಳು ಸಾಲಾಗಿ ಇರುವದು ನಿಜ. ಮೇಲ್ಭಾಗವು ಮಟ್ಟಸವಾಗಿರುವದರಿಂದ ಅವು ಹೆಂಗಸರವೆಂದು ತಿಳಿಯುವದೂ ನಿಜ. ಕಥೆಯು ಜನರ ಬಾಯಲ್ಲಿರುವದು. ಕಲ್ಲಿನ ಮೇಲೆ ಹೆಸರಿಲ್ಲ. ನಾನು ಈ ಎರಡನ್ನೂ ಬೇರೆ ಬೇರೆಯಾಗಿ ಹೇಳಿ ಕರೆದುಕೊಂಡು ಹೋದೆನು. ನಮ್ಮೊಡನೆ ಬಂದ ಟಾಂಗಾದವನು ಕಥೆಯನ್ನು ಕೈಕರಣದೊಡನೆ ಹೇಳತೊಡಗಿದ್ದನು, ಜಪಾನದ ಹುಡುಗಿಯು ಗೋರಿಯಿಂದ ಗೋರಿಗೆ ನಡೆದು ಎಣಿಸುತ್ತ, “ಇವರಲ್ಲಿ ಒಬ್ಬರ ಹೆಸರಾದರೂ ಗೊತ್ತೇ?” ಎಂದು ಕೇಳಿದಳು. ನಾನು ಅದನ್ನು ಕನ್ನಡದಲ್ಲಿ ಅವನಿಗೆ ಹೇಳಿದೆನು. ಅವನು ಥಟ್ಟನೆ ನಿಂತು, “ಇಲ್ರೀ ಯವ್ವಾ,” ಎಂದು ತಲೆಯ ಟೊಪ್ಪಿಗೆಯನ್ನು ತೆಗೆದನು. ಮತ್ತೆ ಅವನು ಕಥೆಯನ್ನು ಮುಂದುವರಿಸಲಿಲ್ಲ. ಕಟ್ಟಿಸಿದವರ ಹೆಸರುಗಳನ್ನೂ ವರುಷಗಳನ್ನೂ ನಾಲ್ಕು ದಿನ ಒಪ್ಪಿಸುತ್ತ ಬಂದ ನನಗೆ, ಹೆಸರಿಲ್ಲದ ಆ ಕಲ್ಲುಗಳ ನಡುವೆ ಹೇಳಲು ಏನೂ ಇದ್ದಿಲ್ಲ. ಕಥೆಯು ನಿಜವಿರಲಿ ಬಿಡಲಿ, ಅಲ್ಲಿ ಮಲಗಿದವರು ಯಾರ ಮನರಂಜನೆಗಾಗಿಯೂ ಮಲಗಿದವರಲ್ಲ.

ಕಡೆಯ ದಿನ ಅವರಲ್ಲೊಬ್ಬಳು, ಅರಸರನ್ನೂ ಸರದಾರರನ್ನೂ ನೋಡಿದ್ದಾಯಿತು, ಈ ಊರಿನಲ್ಲಿ ಕನ್ನಡದ ಬಡವರು ಏನು ಬಿಟ್ಟು ಹೋಗಿದ್ದಾರೆ ಎಂದು ಕೇಳಿದಳು. ಆಗ ಫ. ಗು. ಹಳಕಟ್ಟಿಯವರ ವಿಷಯವನ್ನು ಹೇಳಿದೆನು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಹಳ್ಳಿ ಹಳ್ಳಿಯ ಮನೆಗಳಿಂದ ತಾಡವೋಲೆಗಳನ್ನು ಕೂಡಿಹಾಕಿ, ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಅಚ್ಚಿಗೆ ತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಮೊದಲುಮಾಡಿದರು. ಮಡಿವಾಳ, ಅಂಬಿಗ, ಚಮ್ಮಾರ ಮೊದಲಾದ ಕಾಯಕದವರ ಮಾತುಗಳು ಹಾಗೆ ಉಳಿದವು. ಗುಮ್ಮಟದಲ್ಲಿ ಅರಸನ ಹೆಸರು ಉಳಿಯಲು ಬೆಟ್ಟದಷ್ಟು ಕಲ್ಲು ಬೇಕಾಯಿತು. ಇವರ ಹೆಸರುಗಳು ಗೇಣಗಲದ ಓಲೆಗಳಲ್ಲಿ ಉಳಿದವು.

ವಿದ್ಯಾರ್ಥಿಗಳು ಹೋದ ಮೇಲೆ, ಇಂಥ ಕೆಲಸವನ್ನು ಮುಂದೆ ಮಾಡುವವರಿಗೆ ಉಪಯೋಗವಾಗಲೆಂದು ಕೆಲವು ಮಾತುಗಳನ್ನು ಬರೆದಿಟ್ಟುಕೊಂಡಿದ್ದೇನೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ಸ್ಥಳಗಳನ್ನು ತೋರಿಸಬಾರದು. ಐದಾರು ತೋರಿಸಿದರೆ ಯಾವದೂ ನೆನಪಿನಲ್ಲಿ ನಿಲ್ಲುವದಿಲ್ಲ. ಶಾಸನದಲ್ಲಿರುವದನ್ನು ಶಾಸನದ್ದೆಂದೂ, ಜನರ ಬಾಯಲ್ಲಿರುವದನ್ನು ಬಾಯಲ್ಲಿಯದೆಂದೂ ಹೇಳಬೇಕು. ಎರಡಕ್ಕೂ ಬೆಲೆಯುಂಟು, ಬೆರಸಿದರೆ ಎರಡೂ ಕೆಡುವವು. ಬಂದವನ ನಾಡಿಗೂ ನಮ್ಮ ಊರಿಗೂ ಇರುವ ಎಳೆಯನ್ನು ಮೊದಲು ಹುಡುಕಿಕೊಳ್ಳಬೇಕು. ಹುಡುಕಿದರೆ ಅದು ಸಿಗದೆ ಹೋಗುವದು ಅಪರೂಪ. ಕಟ್ಟಡಗಳ ನಡುವೆ ಇಂದು ಬಾಳುತ್ತಿರುವ ಜನರನ್ನೂ ಅವರು ಕಾಣಬೇಕು. ಕಡೆಯದಾಗಿ, ನಮ್ಮ ದುಃಖವನ್ನಾಗಲಿ ನಮ್ಮ ಹೆಮ್ಮೆಯನ್ನಾಗಲಿ ಅವರ ತಲೆಯ ಮೇಲೆ ಹೊರಿಸದೆ, ಇದ್ದದ್ದನ್ನು ಇದ್ದಂತೆ ಇಟ್ಟು ಅವರು ಪ್ರಶ್ನೆ ಕೇಳುವಂತೆ ಬಿಡಬೇಕು.

ಇದೇನೂ ನಮ್ಮ ಜಿಲ್ಲೆಗೆ ಹೊಸ ಕೆಲಸವಲ್ಲ. ಕರೀಮುದ್ದೀನನ ಮಸೀದಿಯನ್ನು ಕಟ್ಟಿದ ರೇವಯ್ಯನ ಊರಾದ ಸಾಲೋಟಗಿಯಲ್ಲಿ 945ರ ಸ್ತಂಭಶಾಸನವೊಂದಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದನೆಂದೂ, ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಓದುತ್ತಿದ್ದರೆಂದೂ, ಅವರ ವಸತಿಗಾ‌ಗಿ 27 ಮನೆಗಳನ್ನೂ, ಶಾಲೆಗಾಗಿ 500 ನಿವರ್ತನಗಳ ಭೂಮಿಯನ್ನೂ ಬಿಡಲಾಯಿತೆಂದೂ ಅದರಿಂದ ತಿಳಿಯುವದು. ದೂರದೂರಿನ ಮಕ್ಕಳು ಕಲಿಯಲು ಬಂದರೆ ಅವರಿಗೆ ಇರಲು ಮನೆಯನ್ನೂ ಓದಲು ದೀಪವನ್ನೂ ಕೊಡಬೇಕೆಂದು ಸಾವಿರ ವರುಷಗಳ ಹಿಂದೆ ನಮ್ಮ ಹೊಲಗಳ ನಡುವಿನ ಒಂದು ಹಳ್ಳಿಯು ತಿಳಿದಿತ್ತು.

ಇನ್ನು ನಮ್ಮ ಮಕ್ಕಳ ಮಾತು. ಆ ಎಂಟು ಜನರೊಡನೆ ನಡೆಯುವಾಗ ಓಣಿಯ ಹುಡುಗರು ಹಿಂಡಾಗಿ ಹಿಂದೆ ಬರುತ್ತಿದ್ದರು. ನಾನು ಹೇಳಿದ್ದನ್ನು ಅವರೂ ಕಿವಿಗೊಟ್ಟು ಕೇಳುತ್ತಿದ್ದರು. ಅವರಲ್ಲಿ ಒಬ್ಬನು ಕಡೆಯ ದಿನ ಬಂದು, “ನಮಗೂ ಒಂದಿನ ಹಿಂಗ ತೋರಸ್ತೀರೇನ್ರೀ, ಸರ?” ಎಂದು ಕೇಳಿದನು. ಈ ತಿಂಗಳಿಂದ ಪ್ರತಿ ಎರಡನೆಯ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅರಕಿಲ್ಲೆಯ ಬಾಗಿಲಲ್ಲಿ ನಾನು ನಿಂತಿರುವೆನು. ಊರಿನ ಯಾವ ಶಾಲೆಯ ಮಕ್ಕಳಾದರೂ ಬರಬಹುದು. ನಮ್ಮ ಸಂಘದ ಸದಸ್ಯರಲ್ಲಿ ಕಾಲಿನಲ್ಲಿ ಬಲವಿರುವವರು ಇಬ್ಬರು ಮೂವರು ಜೊತೆಗೂಡಿದರೆ ಕೆಲಸವು ಚೆನ್ನಾಗಿ ಸಾಗುವದು. ವಾಚಕರು ತಮ್ಮ ಮನೆಯ ಹುಡುಗ ಹುಡುಗಿಯರನ್ನು ಕಳಿಸಿಕೊಡಬೇಕೆಂದು ವಿನಯದಿಂದ ಕೇಳಿಕೊಳ್ಳುವೆನು.